ಮೊಣಕಾಲಿನ ಐದನೇ ಸೂಜಿ

ಭಟ್ರೆ, ಇದು ಇಪ್ಪತ್ತೆಂಟು ವರ್ಷ ಬ್ಯಾಂಕಿನಲ್ಲಿ ಸಹಿ ಹಾಕಿದ ಕೈ. ಈ ಕೈಯನ್ನು ನಾನು ಕೂತ ಈ ಮಣೆಯ ಮೇಲೆ ಇಟ್ಟು ಹೇಳ್ತೇನೆ: ಈಗ ಹೇಳುದರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ಎಡ ಮೊಣಕಾಲೂ ಬಲ ಮೊಣಕಾಲಿನ ಹಾಗೆ ಆಗಿ ಹೋಗ್ಲಿ. ಇದಕ್ಕಿಂತ ದೊಡ್ಡ ಆಣೆ ನನ್ನ ಹತ್ರ ಇಲ್ಲ.

ನೀವು ಏಳಿ ಅಂದ್ರಿ, ಮಣೆಯ ಅಡಿಗೆ ರಂಗೋಲಿ ಹಾಕ್ಲಿಕ್ಕುಂಟು ಅಂದ್ರಿ. ಸುತ್ತಲೂ ಹಾಕಿ. ನಾನು ಏಳುದಿಲ್ಲ. ಬೆಳಿಗ್ಗೆ ಆರು ಗಂಟೆಗೆ ಬಂದು ಕೂತದ್ದು. ಆಗ ಅಡುಗೆಯವರು ಇನ್ನೂ ತೆಂಗಿನಕಾಯಿ ಒಡೀಲಿಲ್ಲ. ಈಗ ಒಂಬತ್ತೂವರೆ. ಮುಹೂರ್ತ ಹತ್ತು ನಲವತ್ತಕ್ಕೆ. ಮದುಮಗಳು ಮೃಣಾಲಿನಿ ಈ ನರಹರಿ ಐತಾಳನ ಒಬ್ಬಳೇ ಮಗಳು. ಧಾರೆ ಎರೆಯುವುದು ಈ ನರಹರಿ ಐತಾಳ. ಇದರಲ್ಲಿ ಮಾತಾಡ್ಲಿಕ್ಕೆ ಎಂತದ್ದೂ ಇಲ್ಲ.

ಆದ್ರೆ ನಿಮ್ಮ ಕಿವಿಗೆ ಬೇರೆ ಸುದ್ದಿ ಹೋಗಿದೆ. ಹೋಗಿದೆ ಅಲ್ವಾ? ಅಗೋ, ಆ ಕಂಬದ ಹತ್ರ ಕೆಂಪಂಚಿನ ಪಟ್ಟೆಪಂಚೆ ಉಟ್ಟು, ಕೈಯಲ್ಲೊಂದು ಮಣೆ ಹಿಡ್ಕೊಂಡು, ಇಡೀ ಛತ್ರ ತಾನೇ ಕಟ್ಟಿಸಿದ ಹಾಗೆ ನಿಂತಿದ್ದಾರಲ್ಲ, ರಾಮಚಂದ್ರ ಹೊಳ್ಳರು, ನನ್ನ ಹೆಂಡತಿ ಕಮಲಾಕ್ಷಿಯ ಅಣ್ಣ, ವಿಶಾಖಪಟ್ಟಣದಲ್ಲಿ ಇಂಜಿನಿಯರು, ಅವ್ರು ನಿಮಗೆ ಹೇಳಿದ್ದಾರೆ: "ಭಾವನ ಮೊಣಕಾಲು ಮುಗೀತು ಭಟ್ರೆ. ಕೂತ್ರೆ ಏಳುದಿಲ್ಲ, ಎದ್ರೆ ಕೂರುದಿಲ್ಲ. ಎರಡು ಗಂಟೆ ಮಣೆಯ ಮೇಲೆ ಅವ್ರಿಂದ ಆಗುದುಂಟಾ? ಧಾರೆಗೆ ನಾನೂ ಲೀಲಾವತಿಯೂ ಕೂತ್ಕೊಳ್ತೇವೆ." ಲೀಲಾವತಿ ಅಂದ್ರೆ ಅವ್ರ ಹೆಂಡತಿ. ಅವರೂ ತಲೆಗೆ ಸ್ನಾನ ಮಾಡಿ ತಯಾರು. ಗಂಡ ಹೆಂಡತಿ ಇಬ್ರೂ ನಿನ್ನೆಯಿಂದ ಉಪವಾಸ! ನನ್ನ ಮಗಳ ಮದುವೆಗೆ ಅವ್ರ ಉಪವಾಸ!

ನಿಮಗೆ ಒಂದು ಕಡೆಯ ಮಾತು ಮಾತ್ರ ಗೊತ್ತುಂಟು. ಇನ್ನೊಂದು ಕಡೆಯದ್ದನ್ನು ಕೇಳಿ. ರಂಗೋಲಿ ಹುಡಿ ಹಾಕ್ತಾ ಕೇಳಿ, ನನಗೆ ಬೇಜಾರಿಲ್ಲ.

ನನ್ನ ಬಲ ಮೊಣಕಾಲು ಕೈ ಕೊಟ್ಟದ್ದು ಹೋದ ವರ್ಷ ದೀಪಾವಳಿಗೆ. ಇಲ್ಲೇ ಬೆಜವಾಡದ ಒನ್ ಟೌನ್ ಪೇಟೆಯಲ್ಲಿ, ಕಿರಾಣಿ ಸಗಟು ಅಂಗಡಿಗಳ ಮಧ್ಯೆ ನಮ್ಮ ಬ್ರಾಂಚು. ನಾನು ಮ್ಯಾನೇಜರು. ನೋವು ಹಾಗಿರ್ಲಿ, ನೋವು ನನ್ನದು, ನಾನು ತಿಂತೇನೆ. ಶಬ್ದ ಮಾತ್ರ ಊರಿನದ್ದು. ನಾನು ಕುರ್ಚಿಯಿಂದ ಎದ್ರೆ ಕಿರ್ರ್ ಅಂತ ಶುರುವಾದದ್ದು ಕಟಕ್ ಅಂತ ನಿಲ್ತಿತ್ತು. ಬಾಗಿಲಲ್ಲಿ ನಿಂತ ಗನ್‌ಮ್ಯಾನ್ ಬಂದೂಕು ಹಿಡ್ಕೊಂಡು ಒಳಗೆ ಓಡಿ ಬರ್ತಿದ್ದ, ಯಾರೋ ಸ್ಟ್ರಾಂಗ್ ರೂಮಿನ ಬಾಗಿಲು ತೆಗೀತಿದ್ದಾರೆ ಅಂತ. ದಿನಕ್ಕೆ ನಾಲ್ಕು ಸಲ. ಕೊನೆಗೆ ಅವ ಹೇಳಿದ, "ಸಾರ್, ಏಳುವ ಮೊದಲು ಒಂದು ಬೆಲ್ ಮಾಡಿ." ಮಾಡ್ತಿದ್ದೆ ಭಟ್ರೆ. ಮೂತ್ರಕ್ಕೆ ಹೋಗ್ಲಿಕ್ಕೆ ಬೆಲ್ ಮಾಡಿ ಎದ್ದ ಮ್ಯಾನೇಜರ್ ಇಡೀ ಬ್ಯಾಂಕಿನಲ್ಲಿ ನಾನೊಬ್ಬನೇ.

ಎಲುಬಿನ ಡಾಕ್ಟರು ಸೀತಾಮಹಾಲಕ್ಷ್ಮಿ ಗಾರು. ಗಟ್ಟಿ ಹೆಂಗಸು. ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ಐತಾಳ್ ಗಾರೂ, ಇಲ್ಲಿ ನೋಡಿ, ಎರಡು ಎಲುಬಿನ ಮಧ್ಯದ ಮೆತ್ತೆ ಸವೆದಿದೆ. ಜಾರ್ಲಿಕ್ಕೆ ಇರುವ ನೀರು ಗಂಜಿ ತಿಳಿಯ ಹಾಗೆ ತೆಳ್ಳಗಾಗಿದೆ. ಅದು ಮೊಟ್ಟೆಯ ಬಿಳಿಯ ಹಾಗೆ ಇರ್ಬೇಕು" ಅಂದ್ರು.

"ಮೊಟ್ಟೆಯ ಬಿಳಿ ಹೇಗಿರ್ತದೆ ಅಂತ ನನಗೆ ಗೊತ್ತಿಲ್ಲ ಡಾಕ್ಟ್ರೆ, ನಾವು ತಿನ್ನುದಿಲ್ಲ."

"ಹಾಗಾದ್ರೆ ಇದನ್ನೂ ಕೇಳ್ಕೊಳ್ಳಿ. ಈಗ ಹೊಸ ಇಂಜೆಕ್ಷನ್ ಬಂದಿದೆ. ಮೊಣಕಾಲಿನ ಸಂದಿಗೇ ಕೊಡುದು, ವಾರಕ್ಕೊಂದು, ಒಟ್ಟು ಐದು. ಒಣಗಿದ ಕೀಲಿಗೆ ಎಣ್ಣೆ ಬಿಟ್ಟ ಹಾಗೆ. ಅದನ್ನು ತೆಗೆಯುದು ಹುಂಜದ ಜುಟ್ಟಿನಿಂದ. ಆಗ್ಬಹುದಾ?"

ನಾನು ಅರ್ಧ ನಿಮಿಷ ಯೋಚನೆ ಮಾಡಿದೆ. ತಿನ್ನುದು ನಾನಲ್ಲ, ಮೊಣಕಾಲು. ಮೊಣಕಾಲಿಗೆ ಜನಿವಾರ ಇಲ್ಲ. "ಕೊಡಿ" ಅಂದೆ. ನೀವು ಹುಬ್ಬು ಹಾರಿಸ್ಬೇಡಿ ಭಟ್ರೆ. ಮದುವೆ ವೈಶಾಖದಲ್ಲಿ ಅಂತ ಆವತ್ತೇ ನಿಶ್ಚಯ ಆಗಿತ್ತು. ಮಗಳನ್ನು ಧಾರೆ ಎರೆಯುವ ಅಪ್ಪನಿಗೆ ಚಕ್ಕಳಮಕ್ಕಳ ಹಾಕಿ ಕೂರ್ಲಿಕ್ಕೆ ಬರ್ಬೇಕು. ಅದಕ್ಕೆ ಹುಂಜ ಸಹಾಯ ಮಾಡ್ತೇನೆ ಅಂದ್ರೆ ಬೇಡ ಅನ್ಲಿಕ್ಕೆ ನಾನ್ಯಾರು?

"ಆದ್ರೆ ಮುಂಬೈಯಿಂದ ಬರುವಾಗ ಐದೂ ಒಟ್ಟಿಗೆ ಬರ್ತದೆ. ತಣ್ಣಗೆ ಇಡ್ಬೇಕು. ನನ್ನ ಕ್ಲಿನಿಕ್ಕಿನ ಫ್ರಿಜ್ಜು ಕೆಟ್ಟಿದೆ. ನೀವೇ ಇಟ್ಕೊಳ್ಳಿ, ಶನಿವಾರ ಶನಿವಾರ ಒಂದೊಂದು ತನ್ನಿ" ಅಂದ್ರು.

ಬೆಜವಾಡದ ಬಿಸಿಲು ನಿಮಗೆ ಗೊತ್ತಿಲ್ಲ, ನೀವು ನಿನ್ನೆ ಉಡುಪಿಯಿಂದ ಬಂದವ್ರು. ಇಲ್ಲಿ ಏಪ್ರಿಲ್‌ನಲ್ಲಿ ನಾವು ಕವರಿಗೆ ಅರಗಿನ ಮುದ್ರೆ ಒತ್ತುವಾಗ ಮೇಣದಬತ್ತಿ ಹಚ್ಚುದಿಲ್ಲ. ಅರಗಿನ ಕಡ್ಡಿಯನ್ನು ಕಿಟಕಿಯ ಹೊರಗೆ ಹಿಡಿದು ಒಳಗೆ ತಂದ್ರೆ ಆಯ್ತು. ಮನೆಯಲ್ಲಿ ಫ್ರಿಜ್ಜು ಉಂಟು, ಕರೆಂಟು ಇಲ್ಲ. ಕಮಲಾಕ್ಷಿ ಅಂತೂ ಖಂಡಿತ ಹೇಳಿದ್ಲು, "ನನ್ನ ದೋಸೆ ಹಿಟ್ಟಿನ ಪಕ್ಕದಲ್ಲಿ ಹುಂಜ ಇಡ್ಲಿಕ್ಕೆ ನಾನು ಬಿಡುದಿಲ್ಲ." ಬ್ಯಾಂಕಿನಲ್ಲಿ ಜನರೇಟರ್ ಉಂಟು, ಫ್ರಿಜ್ಜೂ ಉಂಟು. ಹಾಗಾಗಿ ಬ್ಯಾಂಕಿನಲ್ಲಿ ಇಟ್ಟೆ.

ಇಲ್ಲಿ ನಾನು ಮಾಡಿದ್ದು ತಪ್ಪು ಅಂತ ಊರಿಗೆ ಊರೇ ಹೇಳ್ತದೆ. ತಪ್ಪಲ್ಲ. ಪದ್ಧತಿ!

ನಮ್ಮ ಬ್ರಾಂಚಿನ ಫ್ರಿಜ್ಜಿನಲ್ಲಿ ಇಟ್ಟ ಮಜ್ಜಿಗೆ ಮಧ್ಯಾಹ್ನ ಇರುದಿಲ್ಲ. ಹೆಸರು ಬರೆದಿಟ್ರೂ ಇರುದಿಲ್ಲ. ಒಮ್ಮೆ ನನ್ನ ಕಣ್ಣಿನ ಔಷಧಿಯನ್ನೇ ಯಾರೋ ಕುಡಿದು, ಸಿಹಿ ಸಾಲದು ಅಂತ ಚೀಟಿ ಅಂಟಿಸಿದ್ರು. ಅಂತಲ್ಲಿ ಐದು ಸೂಜಿ ಇಡುದು ಹೇಗೆ? ಬ್ಯಾಂಕಿನಲ್ಲಿ ಬೆಲೆ ಬಾಳುವ ವಸ್ತು ಇಡ್ಲಿಕ್ಕೆ ಒಂದೇ ದಾರಿ. ಎರಡು ಬೀಗ, ಇಬ್ಬರ ಕೈಯಲ್ಲಿ ಎರಡು ಕೀ, ಇಬ್ರೂ ಒಟ್ಟಿಗೆ ನಿಂತ್ರೆ ಮಾತ್ರ ಬಾಗಿಲು ತೆಗೆಯುದು. ಕಮ್ಮಾರನನ್ನು ಕರೆಸಿ ಫ್ರಿಜ್ಜಿಗೆ ಕಬ್ಬಿಣದ ಪಟ್ಟಿ ಹೊಡೆಸಿದೆ. ಒಂದು ರಿಜಿಸ್ಟರ್ ತೆರೆದೆ. ನಿಯಮ ಬರೆದೆ, ಹನ್ನೊಂದು ನಿಯಮ, ನನ್ನ ಕೈಯಾರೆ. ಮೂರನೇದು: ವಸ್ತುವಿನ ಮಾಲಿಕ ಕೀ ಇಟ್ಕೊಳ್ಬಾರ್ದು. ಎಷ್ಟು ನ್ಯಾಯ ನೋಡಿ! ಏಳನೇದು: ಕೀ ಇಟ್ಕೊಂಡವ್ರು ಅದನ್ನು ಯಾವ ಕಾರಣಕ್ಕೂ ಇನ್ನೊಬ್ರ ಕೈಗೆ ಕೊಡ್ಬಾರ್ದು.

ಒಂದು ಕೀ ಹೆಡ್ ಕ್ಯಾಷಿಯರ್ ಭ್ರಮರಾಂಬ ಗಾರಿಗೆ. ಇನ್ನೊಂದು ಆಫೀಸರ್ ರಮಾಕಾಂತನಿಗೆ, ಧಾರವಾಡದವ, ಊಟದ ಡಬ್ಬಿಯ ಮುಚ್ಚಳ ತೆಗೆಯುವಾಗಲೂ ಸಾಕ್ಷಿ ಬೇಕು ಅನ್ನುವ ಮನುಷ್ಯ. ಇವರಿಬ್ರಿಗಿಂತ ಭದ್ರ ಯಾವುದುಂಟು?

ಒಂದು ತೊಂದರೆ ಆಯ್ತು. ಇಡೀ ಬ್ರಾಂಚಿನ ತಣ್ಣೀರಿನ ಬಾಟ್ಲಿಗಳೂ ಅದೇ ಫ್ರಿಜ್ಜಿನಲ್ಲಿ. ಅವೂ ಜೈಲಿಗೆ ಹೋದವು. ಯೂನಿಯನ್ನಿನವ್ರು ನನ್ನ ಟೇಬಲ್ಲಿನ ಮುಂದೆ ಬಂದು, "ಮ್ಯಾನೇಜರ್ ಗಾರಿ ಮೋಕಾಲು ಡೌನ್ ಡೌನ್" ಅಂತ ಕೂಗಿದ್ರು. ಮನುಷ್ಯನಿಗೆ ಡೌನ್ ಡೌನ್ ಕೂಗಿದ್ದು ಕೇಳಿದ್ದೇನೆ. ಮೊಣಕಾಲಿಗೆ ಕೂಗಿದ್ದು ಅದೇ ಮೊದಲು.

ಆದ್ರೆ ಸೂಜಿ ಮಾತ್ರ ಸೂಜಿ! ಮೊದಲ ಶನಿವಾರ ಕೊಟ್ಟದ್ದಕ್ಕೆ ಶಬ್ದ ಅರ್ಧ ಆಯ್ತು. ಎರಡನೇದಕ್ಕೆ ಗನ್‌ಮ್ಯಾನ್ ಬಂದು, "ಸಾರ್, ನೀವು ಇವತ್ತು ಎದ್ದೇ ಇಲ್ವಲ್ಲ, ಹುಷಾರಿಲ್ವಾ?" ಅಂತ ಕೇಳಿದ. ಮೂರು ಸಲ ಎದ್ದಿದ್ದೆ! ಮೂರನೇದು ಆದ ಮೇಲೆ ದುರ್ಗಮ್ಮನ ಬೆಟ್ಟದ ಮೆಟ್ಲು ಹತ್ತಿದೆ. ಹತ್ತುವಾಗ ಒಬ್ಳು ಹಣ್ಣಿನವಳು, "ಅಯ್ಯಗಾರೂ, ಮೆಲ್ಲಗೆ, ದೇವಿ ಅಲ್ಲೇ ಇರ್ತಾಳೆ, ಓಡಿ ಹೋಗುದಿಲ್ಲ" ಅಂದ್ಲು. ನಾಲ್ಕನೇದು ಆದ ರಾತ್ರಿ ಮನೆಯಲ್ಲಿ ನೆಲದ ಮೇಲೆ ಎಲೆ ಹಾಕ್ಸಿ, ಚಕ್ಕಳಮಕ್ಕಳ ಕೂತು ಊಟ ಮಾಡಿದೆ. ಕಮಲಾಕ್ಷಿ ಅನ್ನ ಬಡಿಸುದು ಬಿಟ್ಟು ನೋಡ್ತಾ ನಿಂತ್ಲು. ಆರು ತಿಂಗಳಾಗಿತ್ತು ನಾನು ನೆಲ ಮುಟ್ಟದೆ.

ಎಲ್ಲಿ ನೋವು, ಎಲ್ಲಿ ನೋವು ಅಂತ ಕೇಳ್ತಿದ್ದೆ ನಾನು ಮೊಣಕಾಲಿಗೆ. ಅದು ಮಾತಾಡ್ಲಿಲ್ಲ. ಇನ್ನೊಂದೇ ಒಂದು ಬಾಕಿ.

ಸೋಮವಾರ ಬೆಳಿಗ್ಗೆ ರಮಾಕಾಂತನಿಗೆ ಟ್ರಾನ್ಸ್‌ಫರ್ ಆರ್ಡರ್ ಬಂತು. ವಿಶಾಖಪಟ್ಟಣಕ್ಕೆ. ಇವತ್ತೇ ಬಿಡುಗಡೆ ಮಾಡಿ ಅಂತ ಫ್ಯಾಕ್ಸು. ನಾನೇ ಸಹಿ ಹಾಕಿ ಕಳಿಸಿದೆ ಭಟ್ರೆ, ನನ್ನದೇ ಪೆನ್ನಿನಲ್ಲಿ! ಅವ ಸ್ಟ್ರಾಂಗ್ ರೂಮಿನ ಕೀ ಕೊಟ್ಟ, ಲಾಕರಿನದ್ದು ಕೊಟ್ಟ, ಸ್ಟಾಂಪು ಪ್ಯಾಡು ಕೊಟ್ಟ, ಗೋಡೆಯ ಗಡಿಯಾರಕ್ಕೆ ಕೀ ಕೊಡುವ ಹಿಡಿಕೆ ಕೂಡ ಪಟ್ಟಿ ಮಾಡಿ ಕೊಟ್ಟ. ಫ್ರಿಜ್ಜಿನ ಕೀ ಬ್ಯಾಂಕಿನ ಪಟ್ಟಿಯಲ್ಲಿ ಇರ್ಲಿಲ್ಲ. ಅದು ಅವನ ಪ್ಯಾಂಟಿನ ಕಿಸೆಯಲ್ಲಿ ಕೂತು ರೈಲು ಹತ್ತಿತು.

ನನಗೆ ಗೊತ್ತಾದದ್ದು ಬುಧವಾರ. ಭ್ರಮರಾಂಬ ಗಾರ ಹತ್ರ ಹೋಗಿ, "ಅಮ್ಮಾ, ಎಂತಾದ್ರೂ ಮಾಡಿ ತೆಗೀರಿ" ಅಂದೆ. ಆಯಮ್ಮ ಕನ್ನಡಕ ಏರಿಸಿ ರಿಜಿಸ್ಟರ್ ತೆರೆದು ಏಳನೇ ನಿಯಮದ ಮೇಲೆ ಬೆರಳಿಟ್ಟು, "ಸಾರ್, ಮೀರೇ ರಾಸಾರು ಕದಾ" ಅಂದ್ರು. ನೀವೇ ಬರೆದದ್ದಲ್ವಾ ಅಂತ. ಹೌದು, ನಾನೇ ಬರೆದದ್ದು! ಅದಕ್ಕೇ ಕೋಪ ಬಂದದ್ದು!

ಮನೆಗೆ ಬಂದು ಹೇಳಿದೆ. ಕಮಲಾಕ್ಷಿ ಕಡೆಯುವ ಕಲ್ಲಿನಿಂದ ಗುಂಡು ಎತ್ತಿ ಟೇಬಲ್ಲಿನ ಮೇಲೆ ಇಟ್ಲು. "ತಗೊಂಡು ಹೋಗಿ. ಎರಡು ಪೆಟ್ಟು. ಬೀಗ ಬಿದ್ದು ಹೋಗ್ತದೆ."

"ಬೀಗ ಒಡೆಯುದಾ? ಇಬ್ಬರ ವಶದಲ್ಲಿರುವ ಬೀಗವನ್ನಾ?"

"ಅದು ಫ್ರಿಜ್ಜು ಮಾರಾಯ್ರೆ!"

"ಇವತ್ತು ಫ್ರಿಜ್ಜು. ನಾಳೆ?"

"ನಾಳೆ ಮಗಳ ಮದುವೆ!" ಅಂದ್ಲು. ಗುಂಡುಕಲ್ಲು ಮೂರು ದಿನ ಟೇಬಲ್ಲಿನ ಮೇಲೇ ಇತ್ತು. ನಾವು ಅದರ ಆಚೆ ಈಚೆ ಕೂತು ಕಾಫಿ ಕುಡಿದೆವು. ನಗ್ಬೇಡಿ ಭಟ್ರೆ. ನಿಮಗೆ ಯಾರಾದ್ರೂ ಬಂದು, ಸಂಕಲ್ಪ ಬೇಡ, ಸೀದಾ ತಾಳಿ ಕಟ್ಟಿಸಿ ಅಂದ್ರೆ ಕಟ್ಟಿಸ್ತೀರಾ? ಹಾಗೇ ಇದು.

ಗುರುವಾರ ಬೆಳಿಗ್ಗೆ ರೈಲು ಹತ್ತಿದೆ. ಆರು ಗಂಟೆಯ ದಾರಿ. ಅನಕಾಪಲ್ಲಿಯಲ್ಲಿ ಬೆಲ್ಲದ ವ್ಯಾಪಾರಿ ಒಬ್ಬ ಹತ್ತಿ, ಜಾಗ ಇಲ್ಲ ಅಂತ ಹತ್ತು ಕಿಲೋದ ಬೆಲ್ಲದ ಅಚ್ಚನ್ನು ನನ್ನ ಬಲ ಮೊಣಕಾಲಿನ ಮೇಲೆ ಇಟ್ಟು ನಿದ್ದೆ ಮಾಡಿದ. ನಾಲ್ಕು ಸೂಜಿಯ ಮೊಣಕಾಲು ಅದು, ತಡ್ಕೊಂಡಿತು. ಇಳಿಯುವಾಗ ನನ್ನ ಪಂಚೆಗೆ ಇರುವೆ ಹತ್ತಿತ್ತು, ಅಷ್ಟೇ.

ಬ್ರಾಂಚಿಗೆ ಹೋದ್ರೆ ರಮಾಕಾಂತ ಇಲ್ಲ. ರಜೆ. ಎಲ್ಲಿ ಉಳ್ಕೊಂಡಿದ್ದಾರೆ ಅಂತ ಕೇಳಿದೆ. ವಿಳಾಸ ಬರೆದು ಕೊಟ್ರು. ಓದಿ ನನ್ನ ಮೈ ಉರಿದು ಹೋಯ್ತು. ಕಾರ್ಖಾನೆಯ ಟೌನ್‌ಶಿಪ್ಪು, ಕ್ವಾರ್ಟರ್ಸು, ಕೇರಾಫ್ ರಾಮಚಂದ್ರ ಹೊಳ್ಳ!

ಹೌದು ಭಟ್ರೆ! ಅಗೋ, ಆ ಕಂಬದ ಹತ್ರ ನಿಂತವ್ರೇ! ಕನ್ನಡದವ್ರಿಗೆ ಮನೆ ಸಿಗುವ ತನಕ ಹೊಳ್ಳರ ಮನೆಯಲ್ಲಿ ಊಟ, ಮಲಗ್ಲಿಕ್ಕೆ ಜಾಗ. ಅದು ಅಲ್ಲಿ ಇಪ್ಪತ್ತು ವರ್ಷದ ಪದ್ಧತಿ. ನನ್ನ ಕೀ ನನ್ನ ಭಾವನ ಮನೆಯ ಗೂಟದಲ್ಲಿ ನೇತಾಡ್ತಿತ್ತು.

ಹೋದೆ. ವರಾಂಡದಲ್ಲಿ ಹಗ್ಗದ ಮೇಲೆ ಎಂತ ಒಣಗ್ಲಿಕ್ಕೆ ಹಾಕಿತ್ತು ಗೊತ್ತುಂಟಾ? ಹೊಸ ಪಟ್ಟೆ, ಕೆಂಪಂಚಿನದ್ದು. ಇವತ್ತು ಉಟ್ಟದ್ದೇ. ಒಂದು ಸಲ ನೀರಿಗೆ ಹಾಕಿ ಮಡಿ ಮಾಡಿಟ್ಟದ್ದು, ಧಾರೆಗೆ! ಒಳಗೆ ರಮಾಕಾಂತ ಗೋಳಿಬಜೆ ತಿಂತಿದ್ದ.

"ಏನ್ರಿ ಐತಾಳ್ರ, ಇಷ್ಟ ದೂರ?" ಅಂದ.

"ಕೀ ಕೊಡಿ."

"ಯಾವ ಕೀಲಿ? ಫ್ರಿಜ್ಜಿಂದs? ಹಂಗೆಲ್ಲ ಕೊಡಾಕ ಬರೂದಿಲ್ರಿ. ಏಳನೇ ನಿಯಮ. ನೀವs ಬರದೀರಿ. ನಾಳೆ ಏನರ ಆತಂದ್ರ ಸಹಿ ಯಾರದು?"

"ವಸ್ತು ನನ್ನದು ಮಾರಾಯ!"

"ಅದಕ್ಕs ಕೊಡಾಂಗಿಲ್ಲ. ಮೂರನೇ ನಿಯಮ."

ಹೊಳ್ಳರು ಒಳಗಿನಿಂದ ಚಟ್ನಿ ತಂದ್ರು. ತಂದು, ತುಂಬ ಮೆತ್ತಗೆ, "ಭಾವ, ಯಾಕೆ ಇಷ್ಟು ಕಷ್ಟ? ನಿಮಗೆ ಆಗದಿದ್ರೆ ನಾನಿದ್ದೇನಲ್ಲ. ಮೃಣಾಲಿನಿ ನಮಗೂ ಮಗಳೇ" ಅಂದ್ರು.

ನನಗೆ ಸಿಟ್ಟು ಬಂತು. ಅವ್ರ ಮನೆಯ ಹೊಸ್ತಿಲಿನಲ್ಲಿ ಅಡ್ಡ ಕೂತೆ. ಚಕ್ಕಳಮಕ್ಕಳ. ಕೂತದ್ದು ಸಿಟ್ಟಿನಿಂದ, ಏಳದೆ ಇದ್ದದ್ದು ಮಾತ್ರ ಬೇರೆ ಕಾರಣಕ್ಕೆ, ಅದನ್ನು ಆಮೇಲೆ ಹೇಳ್ತೇನೆ. ಒಳಗಿದ್ದವ್ರು ಒಳಗೆ, ಹೊರಗಿದ್ದವ್ರು ಹೊರಗೆ. ಹೊಳ್ಳರಿಗೆ ಎರಡನೇ ಶಿಫ್ಟಿಗೆ ಹೋಗ್ಲಿಕ್ಕಿತ್ತು. ದಾಟ್ಲಿಕ್ಕೆ ನೋಡಿದ್ರು, ಆಗ್ಲಿಲ್ಲ. ಹಾಲಿನವ ಬಂದ, ತರಕಾರಿಯವಳು ಬಂದ್ಲು, ನೆರೆಯ ಆರು ಮನೆಯವ್ರು ಬಂದ್ರು. ನಾಲ್ಕು ಜನ ಸೇರಿ ಎತ್ತಿದ್ರು, ಹೊಸ್ತಿಲು ಎದ್ದು ಬಂತು, ನಾನು ಬರ್ಲಿಲ್ಲ. ಕ್ರೇನ್ ತರ್ಸುವ ಅಂತ ಒಬ್ಬ ಹೊರಟು ಹೋದ. ಅವ ಇನ್ನೂ ತಿರುಗಿ ಬರ್ಲಿಲ್ಲ ಅಂತ ಕೇಳಿದ್ದೇನೆ. ಸಂಜೆ ಆರು ಗಂಟೆಗೆ ರಮಾಕಾಂತ ಬಂದು ಎದುರು ಕೂತು, "ಐತಾಳ್ರ, ಕೀಲಿ ಕೊಡಾಕ ಬರೂದಿಲ್ಲ. ಆದ್ರ ಕೀಲಿ ಹಿಡಕೊಂಡು ನಾನs ಬರಾಕ ಅಡ್ಡಿ ಇಲ್ಲ. ನಿಯಮದಾಗ ಹಂಗ ಬರದಿಲ್ಲ" ಅಂದ.

ಅಲ್ಲ ಭಟ್ರೆ, ಇದನ್ನು ಮಧ್ಯಾಹ್ನವೇ ಹೇಳ್ಬಹುದಿತ್ತಲ್ಲ!

ಶುಕ್ರವಾರ ಅವನನ್ನು ಕರ್ಕೊಂಡು ಬಂದೆ. ಶನಿವಾರ ಹನ್ನೆರಡು ಗಂಟೆಗೆ ಇಡೀ ಬ್ರಾಂಚು ಫ್ರಿಜ್ಜಿನ ಮುಂದೆ ಸೇರಿತು. ಗನ್‌ಮ್ಯಾನ್ ಬಂದೂಕು ಹಿಡ್ಕೊಂಡು ನಿಂತ. ಭ್ರಮರಾಂಬ ಗಾರು ಅವ್ರ ಬೀಗ ತೆಗೆದ್ರು, ರಮಾಕಾಂತ ಅವನದ್ದು. ಬಾಗಿಲು ಬರ್ಲಿಲ್ಲ. ಇಬ್ರು ಎಳೆದ್ರು. ಬಂತು. ಒಳಗೆ ಫ್ರಿಜ್ಜು ಇರ್ಲಿಲ್ಲ ಭಟ್ರೆ, ಹಿಮಾಲಯ ಇತ್ತು. ನೀರಿನ ಬಾಟ್ಲಿಗಳೆಲ್ಲ ಗಾಜು ಒಡೆದು, ಬಾಟ್ಲಿಯ ಆಕಾರದ ಮಂಜುಗಡ್ಡೆಗಳು ಸಾಲಾಗಿ ನಿಂತಿದ್ವು. ಹಿಂದಿನ ಶನಿವಾರ, ಬಿಸಿಲು ಜೋರುಂಟು, ಗುಂಡಿಯನ್ನು ಏಳಕ್ಕೆ ತಿರುಗಿಸಿ ಬೀಗ ಹಾಕಿ ಅಂತ ಯಾರೋ ಹೇಳಿದ್ರು. ಯಾರು ಅಂತ ನೀವು ಕೇಳ್ಬಾರ್ದು. ಏಳು ದಿನ ಯಾರೂ ಬಾಗಿಲು ತೆಗೀಲಿಲ್ಲ.

ಐದನೇ ಸೂಜಿಯನ್ನು ಐಸಿನಿಂದ ಬಿಡಿಸಿ, ಟವಲಿನಲ್ಲಿ ಸುತ್ತಿ ಡಾಕ್ಟರ ಹತ್ರ ಓಡಿದೆ. ಓಡಿದೆ ಅಂದ್ರೆ ರಿಕ್ಷಾದಲ್ಲಿ. ಸೀತಾಮಹಾಲಕ್ಷ್ಮಿ ಗಾರು ಅದನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ ನೋಡಿದ್ರು.

"ಐತಾಳ್ ಗಾರೂ, ಇದನ್ನು ತಣ್ಣಗೆ ಇಡಿ ಅಂದದ್ದು. ಹೆಪ್ಪುಗಟ್ಟಿಸಿ ಅಂತ ಯಾರು ಹೇಳಿದ್ದು? ಒಮ್ಮೆ ಗಟ್ಟಿಯಾದ್ರೆ ಮತ್ತೆ ಕೊಡ್ಲಿಕ್ಕಾಗುದಿಲ್ಲ."

"ಬಿಸಿಲಿಗೆ ಇಟ್ರೆ ಕರಗ್ತದೆ ಡಾಕ್ಟ್ರೆ."

"ಕರಗ್ತದೆ. ನಾನು ಕೊಡುದಿಲ್ಲ."

"ಬೇರೆ ತರ್ಸಿ."

"ಮುಂಬೈಯಿಂದ ಬರ್ಲಿಕ್ಕೆ ಮೂರು ವಾರ. ನಿಮ್ಮ ಮದುವೆ ಯಾವಾಗ?"

"ಗುರುವಾರ."

ಆಯಮ್ಮ ಸೂಜಿಯನ್ನು ಕಸದ ಬುಟ್ಟಿಗೆ ಹಾಕ್ಲಿಕ್ಕೆ ಹೋದ್ರು. ನಾನು ಬಿಡ್ಲಿಲ್ಲ, ವಾಪಸ್ ತಗೊಂಡು ಬಂದೆ. ರಿಜಿಸ್ಟರಲ್ಲಿ ಅದರ ಲೆಕ್ಕ ಮುಗಿಸ್ಬೇಕಲ್ಲ.

ಹಾಗಾಗಿ ಭಟ್ರೆ, ನಿಮ್ಮ ಮುಂದೆ ಕೂತದ್ದು ನಾಲ್ಕು ಸೂಜಿಯ ಮೊಣಕಾಲು. ಐದರಲ್ಲಿ ನಾಲ್ಕು ಅಂದ್ರೆ ನೂರಕ್ಕೆ ಎಂಬತ್ತು. ಎಂಬತ್ತು ಬಂದ ಮಕ್ಕಳ ಫೋಟೋವನ್ನು ಪೇಪರಿನಲ್ಲಿ ಹಾಕ್ತಾರೆ. ನನ್ನನ್ನು ಮಾತ್ರ ಏಳಿ ಅಂತೀರಿ.

ಸ್ವಲ್ಪ ಈಚೆ ಬನ್ನಿ. ಹೊಳ್ಳರಿಗೆ ಕೇಳ್ಬಾರ್ದು.

ಬಾಕಿ ಇಪ್ಪತ್ತು ಉಂಟಲ್ಲ, ಅದು ಏಳುದು. ಕೂರ್ಲಿಕ್ಕೆ ಬರ್ತದೆ. ಎರಡು ಗಂಟೆ ಅಲ್ಲ, ನಾಲ್ಕು ಗಂಟೆ ಕೂತೇನು, ನೋಡ್ತಿದ್ದೀರಲ್ಲ. ಏಳ್ಲಿಕ್ಕೆ ಬರುದಿಲ್ಲ. ಆವತ್ತು ಹೊಸ್ತಿಲಿನಲ್ಲೂ ಅದೇ ಕಥೆ. ಅಲ್ಲಿಂದ ನನ್ನನ್ನು ಎಬ್ಬಿಸಿದ್ದು ಯಾರು ಗೊತ್ತುಂಟಾ? ಅದೇ ಹೊಳ್ಳರು. ಎಲ್ಲ ಹೋದ ಮೇಲೆ ಹಿಂದಿನಿಂದ ಬಂದು ಕಂಕುಳಿಗೆ ಕೈ ಹಾಕಿ ಎತ್ತಿದ್ರು. ಆವತ್ತು ಅಲ್ಲಿ ಯಾರಿಗೂ ಹೇಳ್ಲಿಲ್ಲ. ಅದಕ್ಕೇ ಅವ್ರಿಗೆ ಗೊತ್ತು. ಅದಕ್ಕೇ ಪಟ್ಟೆ ಉಟ್ಟು ನಿಂತಿದ್ದಾರೆ.

ಅವ್ರು ಕೆಟ್ಟವ್ರು ಅಂತ ನಾನು ಹೇಳಿದ್ನಾ? ಹೇಳ್ಲಿಲ್ಲ. ಮೃಣಾಲಿನಿಗೆ ಹತ್ತು ವರ್ಷ ಇದ್ದಾಗ ಬ್ಯಾಂಕಿನವ್ರು ನನ್ನನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ನಾಲ್ಕು ವರ್ಷದಲ್ಲಿ ಐದು ಊರಿಗೆ ಎಸೆದ್ರು. ಶಾಲೆ ತಪ್ತದೆ ಅಂತ ಅವಳನ್ನು ವಿಶಾಖಪಟ್ಟಣದಲ್ಲಿ ಮಾವನ ಮನೆಯಲ್ಲಿ ಬಿಟ್ಟೆವು. ಸೈಕಲ್ ಕಲಿಸಿದ್ದು ಅವ್ರು. ಋಷಿಕೊಂಡದ ಸಮುದ್ರದಲ್ಲಿ ಕೈ ಹಿಡ್ಕೊಂಡು ಅಲೆ ಹಾರಿಸಿದ್ದು ಅವ್ರು. ಟೈಫಾಯ್ಡ್ ಬಂದಾಗ ಲೀಲಾವತಿ ಹನ್ನೊಂದು ದಿನ ನಿದ್ದೆ ಬಿಟ್ಟು ಕೂತದ್ದು. ನಾನು ಆಗ ಎಲ್ಲೋ ಒಂದು ಊರಿನಲ್ಲಿ ಯಾರದ್ದೋ ಬೀಗ ತೆಗೀತಿದ್ದೆ. ಇವತ್ತು ಈ ಮಣೆಯ ಮೇಲೂ ಅವ್ರೇ ಕೂತ್ರೆ, ನಾನು ಈ ಹುಡುಗಿಗೆ ಮಾಡಿದ್ದೆಂತ? ಲಗ್ನಪತ್ರಿಕೆಯಲ್ಲಿ ಹೆಸರು ಹಾಕ್ಸಿದ್ದಾ?

ಅದಕ್ಕೇ ಆರು ಗಂಟೆಗೆ ಬಂದು ಕೂತದ್ದು. ಏಳ್ಲಿಕ್ಕೆ ಬಾರದವನನ್ನು ಯಾರು ಏಳಿಸ್ತಾರೆ ನೋಡುವ ಅಂತ.

ಏಳು ಗಂಟೆಗೆ ಅವಳು ಬಂದ್ಲು, ತಲೆಗೆ ಎಣ್ಣೆ ಹಾಕ್ಕೊಂಡು, ಹಳೆ ನೈಟಿಯಲ್ಲಿ. ಅವಳದ್ದು ಎಲ್ಲ ತೆಲುಗು ಭಟ್ರೆ. ಜಗಳ ತೆಲುಗು, ನಗು ತೆಲುಗು, ನನ್ನನ್ನು ಕರೆಯುದು "ನಾನ್ನಾ" ಅಂತ. ಕನ್ನಡ ಅಮ್ಮನ ಹತ್ರ ಅಡುಗೆಮನೆಯಲ್ಲಿ ಮಾತ್ರ. ನೋಡಿದ್ಲು, ನಾನು ಕೂತದ್ದನ್ನು. ಏಳ್ಲಿಕ್ಕಾಗುದಿಲ್ಲ ಅಂತ ಅವಳಿಗೆ ಯಾರು ಹೇಳಿದ್ದೋ. ಮಾವ ಹೇಳಿರ್ಬೇಕು. ಇಲ್ಲೇ, ನೀವು ಕೂತಲ್ಲೇ, ಕುಕ್ಕುರುಗಾಲಲ್ಲಿ ಕೂತು ನನ್ನ ಮೊಣಕಾಲಿನ ಮೇಲೆ ಕೈ ಇಟ್ಲು. ಕನ್ನಡದಲ್ಲಿ ಹೇಳಿದ್ಲು, ಹುಡುಕಿ ಹುಡುಕಿ, ಒಂದೊಂದೇ ಮಾತು:

"ಅಪ್ಪ, ನೀವು ಕೂತ್ಕೊಳ್ಳಿ. ಏಳಿಸುದು ನಾನು."

ಅಷ್ಟೇ. ಎದ್ದು ಹೋದ್ಲು.

ಹೊಗೆ, ಭಟ್ರೆ. ಅಡುಗೆಮನೆಯ ಹೊಗೆ ಇಲ್ಲಿ ತನಕ ಬರ್ತದೆ, ಈ ಛತ್ರದವ್ರಿಗೆ ಎಷ್ಟು ಸಲ ಹೇಳುದು? ಅದಿರ್ಲಿ. ಆ ಐದನೇ ಸೂಜಿಯ ಕಥೆ ಹೇಳ್ತೇನೆ, ಅದೇ ದೊಡ್ಡ ಕಥೆ. ವಾಪಸ್ ತಂದೆ ಅಂದ್ನಲ್ಲ? ತಂದು ಟೇಬಲ್ಲಿನ ಮೇಲೆ ಇಟ್ರೆ ಭ್ರಮರಾಂಬ ಗಾರು ರಿಜಿಸ್ಟರ್ ತೆರೆದು, ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುದು ಸಾರ್, ಉಪಯೋಗಿಸಿದ್ದು ಅಂತಲಾ, ಉಪಯೋಗಿಸದ್ದು ಅಂತಲಾ ಅಂತ ಕೇಳಿದ್ರು. ರಮಾಕಾಂತ ಹೇಳಿದ, ಎರಡೂ ಅಲ್ರಿ, ಅದಕ್ಕ ಒಂದು ಹೊಸಾ... ಭಟ್ರೆ? ಎಲ್ಲಿಗೆ? ರಂಗೋಲಿ ಅರ್ಧಕ್ಕೇ ಆಯ್ತಲ್ಲ! ಹೊಳ್ಳರ ಹತ್ರ ಯಾಕೆ ಹೋಗ್ತೀರಿ? ಅವ್ರ ಕೈಯಲ್ಲಿದ್ದ ಮಣೆ ನಿಮಗ್ಯಾಕೆ? ಅದನ್ನು ಇಲ್ಲಿ ನನ್ನ ಪಕ್ಕ ಯಾರಿಗೆ ಹಾಕುದು? ಎಂತ ಕೂಗ್ತಿದ್ದೀರಿ, "ಕಮಲಾಕ್ಷಮ್ಮಾ, ಬೇಗ ಬನ್ನಿ, ನಿಮ್ಮ ಯಜಮಾನ್ರು ಕೂತಾಯ್ತು" ಅಂತಲಾ? ಅಲ್ಲ ಭಟ್ರೆ, ಕಥೆ ಮುಗೀಲಿಲ್ಲ, ಆ ಹೊಸ ಕಾಲಮ್ಮಿಗೆ ಹೆಸರು ಇಡ್ಲಿಕ್ಕೆ ಹೆಡ್ ಆಫೀಸಿನಿಂದ ಮೂರು ಜನ ವಿಮಾನದಲ್ಲಿ ಬಂದು, ಆ ಸೂಜಿಯನ್ನು ಮಧ್ಯದಲ್ಲಿಟ್ಟು ಸುತ್ತಲೂ...